ಕೈಚಳಕ ಹುಟ್ಟಿನಿಂದ ಬಂದದ್ದೇ?

ಜಾಲಹಳ್ಳಿಗೆ 1953ರಲ್ಲಿ ಎಚ್‌ಎಂಟಿ ಬಂತು, ಮರುವರ್ಷ ಬಿಇಎಲ್. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿಯ ವಾಚ್ ಕಾರ್ಖಾನೆ ಶುರುವಾದದ್ದು 1961ರಲ್ಲಿ. ಲೇತ್ ಮತ್ತು ಮಿಲ್ಲಿಂಗ್ ಮೆಷಿನ್ನುಗಳ ಮುಂದೆ ಗಂಡಸರು, ವಾಚಿನ ಸಣ್ಣ ಚಕ್ರಗಳನ್ನು ಚಿಮುಟದಲ್ಲಿ ಕೂರಿಸುವ ಮೇಜುಗಳ ಮುಂದೆ ಸಾಲಾಗಿ ಹೆಣ್ಣುಮಕ್ಕಳು: ಈ ಭಾಗದ ಶಾಪ್ ಫ್ಲೋರುಗಳು ಹೀಗೆಯೇ ಕಾಣುತ್ತಿದ್ದವು. ಪಕ್ಕದ ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಇವತ್ತಿಗೂ ಹೊಲಿಗೆ ಲೈನಿನಲ್ಲಿ ಕೂರುವವರು ಹೆಚ್ಚಾಗಿ ಹೆಂಗಸರು, ಕಟಿಂಗ್ ಟೇಬಲ್ಲಿನ ಮುಂದೆ ನಿಲ್ಲುವವರು ಮತ್ತು ಮೆಷಿನ್ ಕೆಟ್ಟಾಗ ಸ್ಪ್ಯಾನರ್ ಹಿಡಿದು ಬರುವವರು ಹೆಚ್ಚಾಗಿ ಗಂಡಸರು. ಯಾಕೆ ಹೀಗೆ ಎಂದು ಕೇಳಿದರೆ ಸಿಗುವ ಉತ್ತರ ಹಳೆಯದು. ಹೆಣ್ಣುಮಕ್ಕಳಿಗೆ ತಾಳ್ಮೆ ಜಾಸ್ತಿ, ಅವರ ಬೆರಳು ನಯ. ಯಂತ್ರದ ತಲೆ ಗಂಡಸಿನದು. ಈಚೀಚೆಗೆ ಈ ಮಾತಿಗೆ ವಿಜ್ಞಾನದ ಬೆಂಬಲವೂ ಇದೆ ಎನ್ನುವವರು ಹೆಚ್ಚಿದ್ದಾರೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಹಾರ್ಮೋನುಗಳು ಮೆದುಳನ್ನು ಗಂಡು ಅಥವಾ ಹೆಣ್ಣು ಎಂದು ತಿದ್ದಿಬಿಡುತ್ತವೆ, ಇನ್ನು ನಾವು ಮಾಡುವುದೇನಿದೆ ಎಂಬುದು ಅವರ ವಾದ.

ಇದನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕುವವರೂ ಇದ್ದಾರೆ. ಅವರ ಪ್ರಕಾರ ಎಲ್ಲವೂ ಸಾಕಿದ ರೀತಿ, ಹಾರ್ಮೋನಿಗೆ ಮೈಯ ಮೇಲಷ್ಟೇ ಅಧಿಕಾರ. ಎರಡೂ ಕಡೆಯವರು ಸಾಕ್ಷ್ಯದ ಒಂದೊಂದು ತುದಿಯನ್ನು ಮಾತ್ರ ಹಿಡಿದಿದ್ದಾರೆ. ಗರ್ಭದ ಹಾರ್ಮೋನುಗಳು ಮೆದುಳಿನ ಮೇಲೆ ಗುರುತು ಬಿಡುವುದು ನಿಜ. ಆ ಗುರುತಿನಿಂದ ಪೀಣ್ಯದ ಹೊಲಿಗೆ ಲೈನಿನವರೆಗೆ ನೇರ ದಾರಿ ಇದೆ ಎನ್ನುವುದು ಮಾತ್ರ ನಿಜವಲ್ಲ. ಇದನ್ನು ತಿಳಿಯಲು ಮೊದಲು ಆ ಗುರುತು ಎಂಥದೆಂದು ನೋಡಬೇಕು.

ಹೋರಿಯ ಬೀಜ ಒಡೆಸಿದರೆ ಎತ್ತಾಗುತ್ತದೆ, ಹಾಯುವ ಪ್ರಾಣಿ ನೊಗಕ್ಕೆ ಕತ್ತು ಕೊಡುತ್ತದೆ ಎಂಬುದನ್ನು ಹಳ್ಳಿಕಾರ್ ತಳಿ ಸಾಕುವ ಹಳೇ ಮೈಸೂರಿನ ರೈತನಿಗೆ ಯಾವ ಪ್ರಯೋಗಾಲಯವೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗುವುದು ಏಕೆ ಎಂಬ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವನು ಜರ್ಮನಿಯ ಆರ್ನಾಲ್ಡ್ ಬರ್ತೋಲ್ಡ್. 1849ರಲ್ಲಿ ಅವನು ಆರು ಎಳೆಯ ಹುಂಜಗಳ ಮೇಲೆ ಶಸ್ತ್ರಕ್ರಿಯೆ ಮಾಡಿದ. ವೃಷಣ ಪೂರ್ತಿ ಕಳೆದುಕೊಂಡವು ಕೂಗಲಿಲ್ಲ, ಕಾದಾಡಲಿಲ್ಲ, ಅವುಗಳ ಜುಟ್ಟು ಬೆಳೆಯಲಿಲ್ಲ. ಮೂಲ ಜಾಗದಿಂದ ಬಿಡಿಸಿದ ವೃಷಣವನ್ನು ಹೊಟ್ಟೆಯೊಳಗೇ ಬೇರೆಡೆ ಉಳಿಸಿಕೊಂಡವು ಎಲ್ಲ ಹುಂಜಗಳಂತೆಯೇ ಬೆಳೆದವು. ನರದ ಸಂಪರ್ಕ ಕಡಿದಿದ್ದರೂ ಹೀಗಾದ್ದರಿಂದ, ರಕ್ತದಲ್ಲಿ ಏನೋ ಹರಿಯುತ್ತಿದೆ ಎಂದು ಅವನು ತೀರ್ಮಾನಿಸಿದ. ಹಾರ್ಮೋನು ಎಂಬ ಹೆಸರು ಹುಟ್ಟಲು ಇನ್ನೂ ಅರ್ಧ ಶತಮಾನ ಬಾಕಿಯಿತ್ತು.

ಹಟ್ಟಿಯಲ್ಲಿ ಕಾಣುವ ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಗಂಡು ಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರು ಬೆಳೆದ ಮೇಲೆ ಬಹುತೇಕ ಗಬ್ಬ ಕಟ್ಟುವುದಿಲ್ಲ. ಗರ್ಭದಲ್ಲಿ ಎರಡರ ರಕ್ತವೂ ಬೆರೆತು, ಗಂಡು ಕರುವಿನ ಹಾರ್ಮೋನು ಹೆಣ್ಣು ಕರುವಿನ ಬೆಳವಣಿಗೆಯನ್ನು ಬೇರೆ ದಿಕ್ಕಿಗೆ ತಿರುಗಿಸುತ್ತದೆ ಎಂದು ಷಿಕಾಗೋದ ಫ್ರ್ಯಾಂಕ್ ಲಿಲಿ 1916ರಲ್ಲಿ ವಿವರಿಸಿದ. ಹೋರಿಯ ವಿಷಯದಲ್ಲಿ ನಾವು ನೋಡುವುದು ಹಾರ್ಮೋನು ನಿಂತಾಗ ಆಗುವ ಬದಲಾವಣೆ. ಅವಳಿ ಕರುವಿನಲ್ಲಿ ಕಾಣುವುದು ಹುಟ್ಟುವ ಮೊದಲೇ ಆಗಿಹೋದ, ಮತ್ತೆ ಅಳಿಸಲಾಗದ ಬದಲಾವಣೆ.

ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ವರ್ತನೆಗೆ ಅನ್ವಯಿಸಿ ತೋರಿಸಿದ್ದು 1959ರ ಒಂದು ಪ್ರಯೋಗ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಫೀನಿಕ್ಸ್, ರಾಬರ್ಟ್ ಗಾಯ್, ಆರ್ನಾಲ್ಡ್ ಜೆರಾಲ್, ವಿಲಿಯಂ ಯಂಗ್ ಸೇರಿ ಗಬ್ಬದ ಗಿನಿಪಿಗ್‌ಗಳಿಗೆ ಟೆಸ್ಟೋಸ್ಟೆರಾನ್ ಚುಚ್ಚಿದರು. ಹುಟ್ಟಿದ ಹೆಣ್ಣುಮರಿಗಳು ದೊಡ್ಡವಾದ ಮೇಲೆ ಹೆಣ್ಣಿನಂತೆ ಕೂಡಲು ಒಪ್ಪುವುದು ಕಡಿಮೆಯಾಯಿತು, ಗಂಡಿನಂತೆ ಏರಿಹೋಗುವುದು ಹೆಚ್ಚಾಯಿತು. ಬೆಳೆದ ಹೆಣ್ಣಿಗೆ ಅದೇ ಹಾರ್ಮೋನು ಕೊಟ್ಟರೆ ಇಂಥ ಶಾಶ್ವತ ಬದಲಾವಣೆ ಕಾಣಲಿಲ್ಲ. ಅಂದರೆ ಒಂದೇ ಹಾರ್ಮೋನು ಎರಡು ಕಾಲದಲ್ಲಿ ಎರಡು ಕೆಲಸ ಮಾಡುತ್ತದೆ: ಎಳವೆಯಲ್ಲಿ ಮೆದುಳನ್ನು ಕಟ್ಟುವ ಕೆಲಸ, ಪ್ರಾಯದಲ್ಲಿ ಕಟ್ಟಿದ್ದನ್ನು ಎಬ್ಬಿಸುವ ಕೆಲಸ. ಕಟ್ಟುವ ಕೆಲಸಕ್ಕೆ ನಿಗದಿಯಾದ ಕಾಲ ಚಿಕ್ಕದು. ಅದು ಕಳೆದ ಮೇಲೆ ಎಷ್ಟು ಹಾರ್ಮೋನು ಸುರಿದರೂ ಅದೇ ಫಲ ಸಿಗುವುದಿಲ್ಲ.

ಮುಂದೆ ಮೆದುಳಿನ ಒಳಗೇ ವ್ಯತ್ಯಾಸಗಳು ಕಂಡವು. ಹಾಡುವ ಹಕ್ಕಿಗಳ ಗಂಡಿನಲ್ಲಿ ಹಾಡನ್ನು ನಿಯಂತ್ರಿಸುವ ಮೆದುಳಿನ ಭಾಗಗಳು ಹೆಣ್ಣಿಗಿಂತ ತುಂಬ ದೊಡ್ಡವು ಎಂದು ಫರ್ನಾಂಡೊ ನಾಟ್ಟೆಬಾಮ್ ಮತ್ತು ಆರ್ಥರ್ ಆರ್ನಾಲ್ಡ್ 1976ರಲ್ಲಿ ತೋರಿಸಿದರು. ಇಲಿಯ ಹೈಪೊಥಲಾಮಸ್‌ನಲ್ಲಿ ಗಂಡಿನಲ್ಲಿ ಹಲವು ಪಟ್ಟು ದೊಡ್ಡದಾದ ಒಂದು ಜೀವಕೋಶದ ಗುಂಪನ್ನು ರೋಜರ್ ಗೋರ್ಸ್ಕಿಯ ತಂಡ 1978ರಲ್ಲಿ ಗುರುತಿಸಿತು. ಹುಟ್ಟಿದ ಆಸುಪಾಸಿನ ಕೆಲವೇ ದಿನಗಳಲ್ಲಿ ಹಾರ್ಮೋನನ್ನು ಏರುಪೇರು ಮಾಡಿದರೆ ಆ ಗುಂಪಿನ ಗಾತ್ರವೂ ಬದಲಾಗುತ್ತದೆ. ಇದರಲ್ಲಿ ಬೆರಗು ಹುಟ್ಟಿಸುವ ಸಂಗತಿಯೊಂದಿದೆ. ಇಲಿಯ ಮೆದುಳಿನಲ್ಲಿ ಗಂಡಿನ ರೂಪ ಕಟ್ಟುವ ಕೆಲಸದ ಬಹುಪಾಲನ್ನು ಮಾಡುವುದು ಈಸ್ಟ್ರೊಜೆನ್. ವೃಷಣದಿಂದ ಬಂದ ಟೆಸ್ಟೋಸ್ಟೆರಾನನ್ನು ಮೆದುಳಿನೊಳಗಿನ ಅರೊಮಟೇಸ್ ಎಂಬ ಕಿಣ್ವ ಈಸ್ಟ್ರೊಜೆನ್ನಾಗಿ ಪರಿವರ್ತಿಸುತ್ತದೆ. ತಾಯಿಯ ಈಸ್ಟ್ರೊಜೆನ್ ಹೆಣ್ಣುಮರಿಯ ಮೆದುಳಿಗೆ ನುಗ್ಗದಂತೆ ಮರಿಯ ರಕ್ತದ ಒಂದು ಪ್ರೋಟೀನು ಅದನ್ನು ಹಿಡಿದಿಡುತ್ತದೆ. ಗಂಡಸಿಗೊಂದು ಹಾರ್ಮೋನು, ಹೆಂಗಸಿಗೊಂದು ಹಾರ್ಮೋನು ಎಂದು ಗೋಡೆ ಕಟ್ಟಿ ಮಾತಾಡುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ಇಲಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯನಿಗೆ ಅಂಟಿಸುವಂತಿಲ್ಲ. ಮನುಷ್ಯ ಭ್ರೂಣದಲ್ಲಿ ವೈ ಕ್ರೋಮೊಸೋಮಿನ ಎಸ್‌ಆರ್‌ವೈ ಎಂಬ ಜೀನ್ ವೃಷಣ ರೂಪುಗೊಳ್ಳುವ ಕೆಲಸಕ್ಕೆ ಚಾಲನೆ ಕೊಡುತ್ತದೆ; ಅದು ಪತ್ತೆಯಾದದ್ದು 1990ರಲ್ಲಿ. ಗರ್ಭ ನಿಂತು ಎಂಟು ವಾರದ ಹೊತ್ತಿಗೆ ವೃಷಣ ಟೆಸ್ಟೋಸ್ಟೆರಾನ್ ತಯಾರಿಸಲು ತೊಡಗುತ್ತದೆ, ಐದಾರು ತಿಂಗಳ ಹೊತ್ತಿಗೆ ಆ ಏರಿಕೆ ಇಳಿಯುತ್ತದೆ. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಮತ್ತೊಂದು ಏರಿಕೆ. ಮನುಷ್ಯರಿಗೆ ಹಾರ್ಮೋನು ಚುಚ್ಚಿ ಪರೀಕ್ಷೆ ಮಾಡಲಾಗದು, ಮಾಡಬಾರದು. ಆದ್ದರಿಂದ ಪ್ರಕೃತಿಯೇ ದಾರಿ ಬದಲಿಸಿದ ಮಕ್ಕಳಿಂದ ವಿಜ್ಞಾನ ಕಲಿಯಬೇಕಾಯಿತು.

ಅಂಥವರಲ್ಲಿ ಮುಖ್ಯರಾದವರು ಹುಟ್ಟಿನಿಂದಲೇ ಅಡ್ರಿನಲ್ ಗ್ರಂಥಿಯ ತೊಂದರೆ ಇರುವ ಹೆಣ್ಣುಮಕ್ಕಳು. ವೈದ್ಯರು ಇದನ್ನು ಸಿಎಎಚ್ ಎನ್ನುತ್ತಾರೆ. ಮೂತ್ರಪಿಂಡದ ಮೇಲೆ ಕೂತ ಈ ಗ್ರಂಥಿಯಲ್ಲಿ ಒಂದು ಕಿಣ್ವದ ಕೊರತೆಯಿಂದ ಕಾರ್ಟಿಸಾಲ್ ತಯಾರಾಗುವುದಿಲ್ಲ. ಅದಕ್ಕಾಗಿ ಇದ್ದ ಕಚ್ಚಾವಸ್ತುವೆಲ್ಲ ಟೆಸ್ಟೋಸ್ಟೆರಾನ್ ಜಾತಿಯ ಹಾರ್ಮೋನುಗಳಾಗಿ ಹರಿಯುತ್ತದೆ. ಹೀಗೆ ಗರ್ಭದಲ್ಲೇ ಹೆಚ್ಚು ಹಾರ್ಮೋನಿಗೆ ಒಡ್ಡಿಕೊಂಡ ಹೆಣ್ಣುಮಕ್ಕಳನ್ನು ಹಲವು ದೇಶಗಳಲ್ಲಿ ಗಮನಿಸಿದ್ದಾರೆ. ಅವರು ತಮ್ಮ ಅಕ್ಕತಂಗಿಯರಿಗಿಂತ ಹೆಚ್ಚಾಗಿ ಕಾರು, ಲಾರಿ, ಜೋಡಿಸಿ ಕಟ್ಟುವ ಆಟಿಕೆಗಳನ್ನು ಎತ್ತಿಕೊಳ್ಳುತ್ತಾರೆ, ಹುಡುಗರ ಜೊತೆ ಆಡಲು ಇಷ್ಟಪಡುತ್ತಾರೆ. ಮನೆಯವರೇ ಹುಡುಗನಂತೆ ಬೆಳೆಸಿರಬಹುದಲ್ಲ ಎಂಬ ಶಂಕೆ ಸಹಜ. ವಿಕಿ ಪ್ಯಾಸ್ಟರ್‌ಸ್ಕಿ, ಮೆಲಿಸಾ ಹೈನ್ಸ್ ಮತ್ತಿತರರು 2005ರಲ್ಲಿ ಅದನ್ನೂ ಪರೀಕ್ಷಿಸಿದರು. ತಂದೆತಾಯಿ ಈ ಹೆಣ್ಣುಮಕ್ಕಳನ್ನು ಗೊಂಬೆಯ ಕಡೆಗೇ ಹೆಚ್ಚು ಪ್ರೋತ್ಸಾಹಿಸುತ್ತಿದ್ದರು. ಆದರೂ ಮಗುವಿನ ಕೈ ಲಾರಿಯತ್ತ ಹೋಗುತ್ತಿತ್ತು. ಸಾಕಿದ ರೀತಿಯೇ ಎಲ್ಲ ಎನ್ನುವವರು ಈ ಸಾಕ್ಷ್ಯವನ್ನು ದಾಟಿ ಹೋಗಲಾರರು.

ಇದಕ್ಕೆ ತದ್ವಿರುದ್ಧದ ಉದಾಹರಣೆಯೂ ಇದೆ. ಕೆಲವರ ಕ್ರೋಮೊಸೋಮು ಎಕ್ಸ್‌ವೈ, ಒಳಗೆ ವೃಷಣ, ಟೆಸ್ಟೋಸ್ಟೆರಾನ್ ಧಾರಾಳ. ಆದರೆ ಅದನ್ನು ಸ್ವೀಕರಿಸುವ ಗ್ರಾಹಕ ಕೆಲಸ ಮಾಡುವುದಿಲ್ಲ. ಅವರು ಹೆಣ್ಣಾಗಿ ಹುಟ್ಟಿ, ಹೆಣ್ಣಾಗಿ ಬೆಳೆಯುತ್ತಾರೆ. ಹದಿನಾರು ದಾಟಿದರೂ ಮುಟ್ಟಾಗಲಿಲ್ಲವೆಂದು ಡಾಕ್ಟರ ಹತ್ತಿರ ಹೋದಾಗಲೇ ಎಷ್ಟೋ ಸಲ ವಿಷಯ ತಿಳಿಯುವುದು. ಇನ್ನು 1965ರಲ್ಲಿ ಕೆನಡಾದಲ್ಲಿ ಹುಟ್ಟಿದ ಡೇವಿಡ್ ರೈಮರ್‌ನ ಕಥೆ ಎದೆ ಕಲಕುವಂಥದು. ಸುನ್ನತಿ ಮಾಡುವಾಗಿನ ಅನಾಹುತದಲ್ಲಿ ಶಿಶ್ನ ಕಳೆದುಕೊಂಡ ಆ ಗಂಡುಮಗುವನ್ನು ಮನಶ್ಶಾಸ್ತ್ರಜ್ಞ ಜಾನ್ ಮನಿಯ ಸಲಹೆಯಂತೆ ಹೆಣ್ಣಾಗಿ ಬೆಳೆಸಿದರು. ಹದಿನಾಲ್ಕರ ವಯಸ್ಸಿಗೆ ಅವನು ಗಂಡಾಗಿ ಬದುಕಲು ಮರಳಿದ. 2004ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಒಬ್ಬನ ಬಾಳಿನಿಂದ ಸಾಮಾನ್ಯ ನಿಯಮ ಹೊರಡಿಸಲಾಗದು, ನಿಜ. ಆದರೆ ಸಾಕಿದರೆ ಏನನ್ನಾದರೂ ಮಾಡಬಹುದು ಎಂಬ ಅಹಂಕಾರಕ್ಕೆ ಒಂದು ಮಗು ಎಂಥ ಬೆಲೆ ತೆತ್ತಿತು ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ಒಪ್ಪಿಕೊಂಡ ಮೇಲೆ ಕಾರ್ಖಾನೆಯ ಗೇಟಿಗೆ ಬರೋಣ.

ಸಿಎಎಚ್ ಇರುವ ಹೆಣ್ಣುಮಕ್ಕಳಲ್ಲಿ ಎದ್ದು ಕಂಡದ್ದು ಆಸಕ್ತಿಯ ವ್ಯತ್ಯಾಸ. ಆಟದ ಆಯ್ಕೆ, ಮುಂದೆ ಯಾವ ಉದ್ಯೋಗ ಇಷ್ಟ ಎಂಬಂಥ ಒಲವುಗಳಲ್ಲಿ ಅದು ಕಾಣುತ್ತದೆ. ಸಾಮರ್ಥ್ಯದ ವಿಷಯಕ್ಕೆ ಬಂದರೆ ಫಲಿತಾಂಶಗಳು ಹೀಗೆ ಒಂದೇ ಕಡೆಗೆ ವಾಲುವುದಿಲ್ಲ. ಗರ್ಭದಲ್ಲಿ ಹೆಚ್ಚಿನ ಹಾರ್ಮೋನು ಸಿಕ್ಕಿದ್ದಕ್ಕೆ ಅವರು ಗಣಿತದಲ್ಲಿ ಮುಂದೆ ಹೋದರು ಎಂದು ಯಾರೂ ತೋರಿಸಿಲ್ಲ. ಅವರಲ್ಲಿ ಬಹುಪಾಲು ಮಂದಿ ತಮ್ಮನ್ನು ಹೆಣ್ಣೆಂದೇ ತಿಳಿದು ಬದುಕುತ್ತಾರೆ. ಹಾರ್ಮೋನು ಒಂದು ಒಲವನ್ನು ಕೊಡುತ್ತದೆ, ಆ ಒಲವೂ ಎಲ್ಲರಲ್ಲಿ ಒಂದೇ ಅಳತೆಯದಲ್ಲ. ಒಲವಿನಿಂದ ಅರ್ಹತೆಗೆ, ಅರ್ಹತೆಯಿಂದ ಕೂಲಿಗೆ ಜಿಗಿಯುವವರು ಮಧ್ಯದ ಮೆಟ್ಟಿಲುಗಳನ್ನು ನೋಡುವುದೇ ಇಲ್ಲ.

ಸರಾಸರಿಯ ಮಾತನ್ನೂ ಸರಿಯಾಗಿ ಅಳೆಯಬೇಕು. ಗಂಡು ಹೆಣ್ಣಿನ ಮನಸ್ಸಿನ ವ್ಯತ್ಯಾಸಗಳ ಮೇಲಿನ 46 ಸಮಗ್ರ ವಿಶ್ಲೇಷಣೆಗಳನ್ನು ಜ್ಯಾನೆಟ್ ಹೈಡ್ 2005ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಅಳೆದ ವ್ಯತ್ಯಾಸಗಳಲ್ಲಿ ಶೇ 78ರಷ್ಟು ತೀರಾ ಸಣ್ಣವು ಅಥವಾ ಇಲ್ಲವೆನ್ನುವಷ್ಟು. 2015ರಲ್ಲಿ ಇಸ್ರೇಲಿನ ಡಾಫ್ನಾ ಜೋಯೆಲ್ ತಂಡ 1,400ಕ್ಕೂ ಹೆಚ್ಚು ಮೆದುಳುಗಳ ಸ್ಕ್ಯಾನ್ ನೋಡಿತು. ಕೆಲವು ಭಾಗಗಳಲ್ಲಿ ಸರಾಸರಿ ವ್ಯತ್ಯಾಸ ಇದ್ದೇ ಇತ್ತು. ಆದರೆ ಎಲ್ಲ ಭಾಗವೂ ಗಂಡಿನ ತುದಿಯಲ್ಲೋ ಹೆಣ್ಣಿನ ತುದಿಯಲ್ಲೋ ಇರುವ ಮೆದುಳು ಅಪರೂಪ. ಬಹುತೇಕರಲ್ಲಿ ಎರಡೂ ಬೆರೆತಿದ್ದವು. ಹೀಗಿರುವಾಗ ಗೇಟಿನ ಮುಂದೆ ಕೆಲಸ ಕೇಳಿ ನಿಂತ ಒಬ್ಬ ಹುಡುಗಿಯ ಬಗ್ಗೆ ಸರಾಸರಿ ಏನನ್ನೂ ಹೇಳಲಾರದು. ಅವಳ ಕೈಗೆ ಸ್ಪ್ಯಾನರ್ ಕೊಟ್ಟು ನೋಡುವುದೊಂದೇ ದಾರಿ.

ಯಂತ್ರದ ತಲೆ ಎನ್ನುವಾಗ ಜನರ ಮನಸ್ಸಿನಲ್ಲಿರುವುದು ವಸ್ತುವೊಂದನ್ನು ಕಣ್ಣಮುಂದೆ ತಿರುಗಿಸಿ, ಬಿಡಿಸಿ, ಜೋಡಿಸಿ ಊಹಿಸುವ ಶಕ್ತಿ. ಗಂಡಸರು ಸರಾಸರಿಯಲ್ಲಿ ಮುಂದಿರುವ ಕೆಲವೇ ಸಂಗತಿಗಳಲ್ಲಿ ಇದು ಪ್ರಮುಖವಾದುದು. ಇದರ ಬಗ್ಗೆ ನಮ್ಮ ದೇಶದಲ್ಲೇ ನಡೆದ ಸೊಗಸಾದ ಅಧ್ಯಯನವೊಂದಿದೆ. ಮೇಘಾಲಯದಲ್ಲಿ ಖಾಸಿ ಮತ್ತು ಕರ್ಬಿ ಜನ ಅಕ್ಕಪಕ್ಕದ ಹಳ್ಳಿಗಳಲ್ಲಿ ಇದ್ದಾರೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿದ್ದಂತೆ ಖಾಸಿಗಳಲ್ಲೂ ಆಸ್ತಿ ತಾಯಿಯ ಕಡೆಯಿಂದ ಸಾಗುತ್ತದೆ; ಅವರಲ್ಲಿ ಅದು ಸೇರುವುದು ಕಿರಿಯ ಮಗಳಿಗೆ. ಕರ್ಬಿಗಳಲ್ಲಿ ಗಂಡುಮಕ್ಕಳದೇ ಹಕ್ಕು. ಮೋಶೆ ಹಾಫ್‌ಮನ್, ಯೂರಿ ಗ್ನೀಜಿ, ಜಾನ್ ಲಿಸ್ಟ್ ಸುಮಾರು 1,300 ಜನರಿಗೆ ನಾಲ್ಕು ತುಂಡಿನ ಒಂದು ಪಜಲ್ ಜೋಡಿಸಲು ಕೊಟ್ಟರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಕರ್ಬಿ ಹೆಂಗಸರು ತಮ್ಮ ಗಂಡಸರಿಗಿಂತ ಸುಮಾರು ಶೇ 36ರಷ್ಟು ಹೆಚ್ಚು ಸಮಯ ತೆಗೆದುಕೊಂಡರು. ಖಾಸಿಗಳಲ್ಲಿ ಗಂಡು ಹೆಣ್ಣಿನ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಎರಡೂ ಸಮುದಾಯಗಳ ಅನ್ನ ಒಂದೇ, ನೆಲ ಒಂದೇ. ಬೇರೆಯಾದದ್ದು ಹೆಣ್ಣುಮಗಳಿಗೆ ಮನೆಯಲ್ಲಿರುವ ಸ್ಥಾನ, ಮತ್ತು ಅದರ ಜೊತೆಗೆ ಬರುವ ಶಾಲೆ. ಕರ್ಬಿ ಹೆಂಗಸರ ಹಿಂದುಳಿಕೆಯ ಒಂದು ಭಾಗಕ್ಕೆ ಓದಿನ ಕೊರತೆಯೇ ಕಾರಣವೆಂದು ಸಂಶೋಧಕರು ಕಂಡುಕೊಂಡರು. ಇಂಥ ಕೌಶಲ ಅಭ್ಯಾಸದಿಂದ ಹೆಚ್ಚುತ್ತದೆ ಎಂಬುದೂ ನೂರಾರು ಅಧ್ಯಯನಗಳಿಂದ ಗಟ್ಟಿಯಾಗಿದೆ.

ಜಾಲಹಳ್ಳಿಯ ಸುತ್ತಲೇ ಕಣ್ಣಾಡಿಸಿದರೂ ಸಾಕು. ವಾಯುಪಡೆಯ ತಾಂತ್ರಿಕ ಕಾಲೇಜು ಇರುವುದು ಇಲ್ಲಿಯೇ. ವಿಮಾನದ ಎಂಜಿನಿಯರಿಂಗ್ ನೋಡಿಕೊಳ್ಳುವ ಅಧಿಕಾರಿಗಳು, ಮಹಿಳೆಯರೂ ಸೇರಿದಂತೆ, ತರಬೇತಿ ಪಡೆಯುವುದು ಇಲ್ಲಿ. ಪೀಣ್ಯದಲ್ಲಿ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರವಿದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನವನ್ನು ಮಂಗಳದ ಕಕ್ಷೆಗೆ ಸೇರಿಸುವ ಆದೇಶಗಳು ಹೊರಟದ್ದು ಅಲ್ಲಿಂದ. ಸೀರೆಯುಟ್ಟು ಮಲ್ಲಿಗೆ ಮುಡಿದ ಹೆಣ್ಣುಮಕ್ಕಳು ಸಂಭ್ರಮಿಸುವ ಆ ಕಾಲದ ಫೋಟೊ ಜಗತ್ತನ್ನೆಲ್ಲ ಸುತ್ತಿತು. ಅದರಲ್ಲಿದ್ದವರು ಆಡಳಿತ ವಿಭಾಗದ ಸಿಬ್ಬಂದಿ ಎಂದು ಆಮೇಲೆ ತಿಳಿಯಿತು. ಅದರಿಂದ ಮುಖ್ಯ ಸಂಗತಿಯೇನೂ ಬದಲಾಗುವುದಿಲ್ಲ: ಯೋಜನೆಯ ಉಪ ಕಾರ್ಯಾಚರಣೆ ನಿರ್ದೇಶಕರಾಗಿದ್ದವರಲ್ಲಿ ನಂದಿನಿ ಹರಿನಾಥ್ ಮತ್ತು ರಿತು ಕರಿಧಾಲ್ ಇದ್ದರು. ಕೋಟಿಗಟ್ಟಲೆ ಕಿಲೋಮೀಟರ್ ದೂರದ ನೌಕೆಯ ದಾರಿಯನ್ನು ಲೆಕ್ಕಹಾಕಿ ತಿರುಗಿಸುವುದಕ್ಕಿಂತ ದೊಡ್ಡ ಯಂತ್ರದ ತಲೆ ಯಾವುದಿದೆ?

ಇನ್ನು ಬೆರಳಿನ ನಯದ ವಿಷಯ. ಡಯಾನ್ ಎಲ್ಸನ್ ಮತ್ತು ರೂತ್ ಪಿಯರ್ಸನ್ ಎಂಬ ವಿದ್ವಾಂಸರು 1981ರಲ್ಲಿ ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದ ರಫ್ತು ಕಾರ್ಖಾನೆಗಳ ಬಗ್ಗೆ ಬರೆಯುತ್ತ, ಈ ನಯ ಬಂದದ್ದು ಮನೆಯಲ್ಲಿ ಚಿಕ್ಕಂದಿನಿಂದ ಸಿಕ್ಕ ತರಬೇತಿಯಿಂದ ಎಂದರು. ನಮ್ಮ ಕಡೆ ಅದನ್ನು ವಿವರಿಸಬೇಕಾಗಿಯೇ ಇಲ್ಲ. ಮಲ್ಲಿಗೆ ಕಟ್ಟುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಚುಕ್ಕಿ ತಪ್ಪದಂತೆ ರಂಗೋಲಿ ಎಳೆಯುವುದು, ಹರಿದ ಲಂಗಕ್ಕೆ ಹೊಲಿಗೆ ಹಾಕುವುದು: ಏಳೆಂಟು ವರ್ಷದಿಂದ ಹುಡುಗಿಯ ಕೈಯನ್ನು ಮನೆ ಪಳಗಿಸುತ್ತದೆ. ಈ ತರಬೇತಿಗೆ ಐಟಿಐ ಸರ್ಟಿಫಿಕೇಟು ಇಲ್ಲ. ಕಸುಬು ಎಂದು ಒಪ್ಪಿಕೊಂಡರೆ ಅದಕ್ಕೆ ತಕ್ಕ ಕೂಲಿ ಕೊಡಬೇಕಾಗುತ್ತದೆ, ಹುಟ್ಟುಗುಣ ಎಂದುಬಿಟ್ಟರೆ ಕೊಡಬೇಕಾಗಿಲ್ಲ. ಹಾರ್ಮೋನಿನ ವಾದ ಕಾರ್ಖಾನೆಯಲ್ಲಿ ಇಷ್ಟು ಪ್ರಿಯವಾಗಲು ಇದೊಂದು ಬಲವಾದ ಕಾರಣ.

ಬೆರಳಿನ ನಯ ಹೆಣ್ಣಿನ ಹುಟ್ಟುಗುಣವೇ ಆಗಿದ್ದರೆ ನಗರ್ತಪೇಟೆಯ ಅಕ್ಕಸಾಲಿಗಳೆಲ್ಲ ಹೆಂಗಸರಾಗಿರಬೇಕಿತ್ತು. ಅಲ್ಲಿ ಎಳ್ಳುಕಾಳಿನಷ್ಟು ಚಿನ್ನದ ಗುಂಡು ಬೆಸೆಯುವ ಕೈ ಗಂಡಸಿನದು, ಜರಿ ಕಸೂತಿಯ ಚೌಕಟ್ಟಿನ ಮುಂದೆ ದಿನವಿಡೀ ಬಗ್ಗಿ ಕೂರುವ ತಾಳ್ಮೆಯೂ ಗಂಡಸಿನದು. ಅಲ್ಲಿ ಅದಕ್ಕೆ ಕುಶಲಕಲೆ ಎಂಬ ಮರ್ಯಾದೆ ಇದೆ.

ಹಾಗಾದರೆ ಗರ್ಭದ ಹಾರ್ಮೋನಿನ ತಿಳಿವಳಿಕೆಯಿಂದ ಏನೂ ಉಪಯೋಗವಿಲ್ಲವೇ? ಬಹಳ ಇದೆ. ಕೆಲಸ ಹಂಚುವ ಕಡೆ ಅದನ್ನು ಇಲ್ಲದ ಅಧಿಕಾರ ಕೊಟ್ಟು ಕೂರಿಸಿದ್ದೇವೆ, ಬೇಕಾದ ಕಡೆ ಕೇಳುವವರಿಲ್ಲ.

ಉತ್ತರ ಭಾರತದ ಕೆಲವೆಡೆ ಗಂಡು ಮಗುವಾಗಲಿ ಎಂದು ಬಸಿರಿನ ಎರಡು ಮೂರನೆಯ ತಿಂಗಳಲ್ಲಿ ನಾಟಿ ಔಷಧ ಕೊಡುತ್ತಾರೆ. ಮಗು ಗಂಡೋ ಹೆಣ್ಣೋ ಎಂಬುದು ವೀರ್ಯಾಣು ಅಂಡವನ್ನು ಸೇರಿದ ಕ್ಷಣದಲ್ಲೇ ಆಗಿಹೋಗಿರುತ್ತದೆ. ಯಾವ ಬೇರು, ಯಾವ ಬೀಜವೂ ಅದನ್ನು ಬದಲಿಸದು. ಆದರೆ ಆ ಔಷಧಗಳಲ್ಲಿ ಕೆಲವದರಲ್ಲಿ ಹಾರ್ಮೋನಿನಂತೆ ವರ್ತಿಸುವ ಸಸ್ಯಾಂಶಗಳು ಸಿಕ್ಕಿವೆ. ಇಂಥವನ್ನು ಸೇವಿಸಿದ ತಾಯಂದಿರಲ್ಲಿ ಅಂಗವಿಕಲ ಮಕ್ಕಳು, ಸತ್ತು ಹುಟ್ಟುವ ಮಕ್ಕಳು ಹೆಚ್ಚು ಎಂದು ಹರಿಯಾಣದ ಅಧ್ಯಯನಗಳು ಹೇಳಿವೆ. ಭ್ರೂಣದ ಅಂಗಾಂಗ ರೂಪುಗೊಳ್ಳುವ ಆ ವಾರಗಳಲ್ಲಿ ಹೊರಗಿನ ಹಾರ್ಮೋನು ಎಷ್ಟು ಅಪಾಯ ಎಂಬುದನ್ನು 1959ರ ಗಿನಿಪಿಗ್‌ಗಳಿಂದಲೇ ಕಲಿಯಬಹುದಿತ್ತು.

ಹುಟ್ಟಿದಾಗ ಜನನಾಂಗ ಸ್ಪಷ್ಟವಿಲ್ಲದ ಮಕ್ಕಳ ವಿಷಯವೂ ಹೀಗೆಯೇ. ಅವಸರದಲ್ಲಿ ಕತ್ತರಿ ಹಾಕಿ ಗಂಡೋ ಹೆಣ್ಣೋ ಎಂದು ಸಮ ಮಾಡಿಬಿಡುವುದು ಬಹುಕಾಲದ ರೂಢಿಯಾಗಿತ್ತು. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ಇದರ ವಿರುದ್ಧ ತೀರ್ಪು ಕೊಟ್ಟಿತು; ಜೀವಕ್ಕೆ ಅಪಾಯ ಇದ್ದಾಗ ಬಿಟ್ಟು ಮಿಕ್ಕಂತೆ ಇಂಥ ಶಸ್ತ್ರಕ್ರಿಯೆ ಕೂಡದೆಂದು ತಮಿಳುನಾಡು ಸರ್ಕಾರ ಅದೇ ವರ್ಷ ಆದೇಶ ಹೊರಡಿಸಿತು. ಮಗುವಿನ ಮೆದುಳು ಯಾವ ದಿಕ್ಕಿಗೆ ಒಲಿದಿದೆ ಎಂದು ಹೊರಗಿನಿಂದ ನೋಡಿ ಹೇಳಲು ಯಾವ ಡಾಕ್ಟರಿಗೂ ಸಾಧ್ಯವಿಲ್ಲದಿರುವಾಗ ಅದು ಸರಿಯಾದ ತೀರ್ಪು. ಎಲ್ಲ ರಾಜ್ಯಗಳಿಗೂ ಆ ಆದೇಶ ಬೇಕು.

ಎಲ್ಲಕ್ಕಿಂತ ತುರ್ತಾದದ್ದು ಸಿಎಎಚ್ ಕಾಯಿಲೆಯ ಪರೀಕ್ಷೆ. ಇದುವರೆಗೆ ಅದರ ಬಗ್ಗೆ ಆಟಿಕೆಗಳ ಮಾತು ಬಂತು. ಅದಕ್ಕಿಂತ ಮೊದಲು ಬರುವುದು ಜೀವ. ಈ ಕಾಯಿಲೆಯ ತೀವ್ರ ರೂಪದಲ್ಲಿ ಹುಟ್ಟಿದ ಎರಡು ಮೂರು ವಾರದೊಳಗೆ ಮಗುವಿನ ಮೈಯ ಉಪ್ಪು ಸೋರಿಹೋಗುತ್ತದೆ. ವಾಂತಿ, ತೂಕ ಇಳಿಕೆ, ಆಮೇಲೆ ಕುಸಿತ. ಹೆಣ್ಣುಮಗುವಿನಲ್ಲಾದರೆ ಜನನಾಂಗದ ವ್ಯತ್ಯಾಸ ನೋಡಿ ಡಾಕ್ಟರು ಎಚ್ಚರಗೊಳ್ಳಬಹುದು. ಗಂಡುಮಗು ನೋಡಲು ಸರಿಯಾಗಿಯೇ ಇರುತ್ತದೆ. ಹಾಗಾಗಿ ಭೇದಿವಾಂತಿ ಎಂದೋ ಸೋಂಕು ಎಂದೋ ಭಾವಿಸುವಷ್ಟರಲ್ಲಿ ಅದು ತೀರಿಕೊಂಡಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ 5,762ಕ್ಕೆ ಒಂದು ಮಗುವಿನಲ್ಲಿ ಈ ಕಾಯಿಲೆ ಕಂಡಿತು. ಪತ್ತೆಯಾದರೆ ಚಿಕಿತ್ಸೆ ದಿನವೂ ನುಂಗುವ ಮಾತ್ರೆ. ಪತ್ತೆ ಮಾಡಲು ಬೇಕಾದದ್ದು, ಹುಟ್ಟಿ ಎರಡು ಮೂರು ದಿನಕ್ಕೆ ಮಗುವಿನ ಹಿಮ್ಮಡಿಯಿಂದ ತೆಗೆದ ನಾಲ್ಕಾರು ಹನಿ ರಕ್ತ. ಕೇರಳದ ಸರ್ಕಾರಿ ಆಸ್ಪತ್ರೆಗಳು ನವಜಾತ ಶಿಶುಗಳಿಗೆ ಮಾಡುವ ಪರೀಕ್ಷೆಗಳಲ್ಲಿ ಇದನ್ನೂ ಸೇರಿಸಿಕೊಂಡಿವೆ.

ಪೀಣ್ಯದ ಲೈನಿನಿಂದ ಹೆರಿಗೆ ರಜೆಗೆ ಹೋಗುವ ಹೆಣ್ಣುಮಗಳಿಗೂ ಅವಳ ಮನೆಯವರಿಗೂ ಈ ಮಾತು ತಲುಪಬೇಕು. ಆಸ್ಪತ್ರೆಯಿಂದ ಮಗುವನ್ನು ಮನೆಗೆ ಕರೆದುಕೊಂಡು ಹೋಗುವ ಮೊದಲು ಡಾಕ್ಟರನ್ನೋ ನರ್ಸನ್ನೋ ಕೇಳಿ: ಹಿಮ್ಮಡಿ ರಕ್ತದ ಪರೀಕ್ಷೆ ಆಯಿತೇ, ಅದರಲ್ಲಿ ಸಿಎಎಚ್ ಸೇರಿದೆಯೇ, ರಿಪೋರ್ಟ್ ಯಾವಾಗ ಬರುತ್ತದೆ?